ಕಂಪಾರಿ: ಊಟಕ್ಕೆ ಮುಂಚೆ ಒಂದ್ ಗ್ಲಾಸ್ ಕಹಿ

ಹೋದ ತಿಂಗಳು ಬೆಂಗಳೂರಲ್ಲಿ ಬಾರ್ ಕೆಲ್ಸ ಕಲೀತಿರೋ ಹುಡುಗ್ರು ಹುಡುಗೀರ ಮುಂದೆ ಮಾತಾಡಿದ್ದು ಇದು, ಸುಮ್ನೆ ಕುತೂಹಲಕ್ಕೆ ಅಂತ ಬಂದು ಕೂತಿದ್ದೋರೂ ಒಂದಷ್ಟು ಜನ ಇದ್ರು. ರೆಕಾರ್ಡಿಂಗ್ ಕೇಳ್ಕೊಂಡು ಬರ್ದಿದೀನಿ, ಮಾತು ಮಾತಿನ ಹಾಗೇ ಇರ್ಲಿ ಅಂತ ಬಿಟ್ಟಿದೀನಿ, ಅಳತೆಗಳನ್ನ ಮಾತ್ರ ಮತ್ತೊಂದ್ಸಲ ನೋಡಿ ಸರಿಯಾಗಿ ಹಾಕಿದೀನಿ.

ಎಲ್ರಿಗೂ ನಮಸ್ಕಾರ. ನಿಮ್ಮ ಮುಂದೆ ಎರಡು ಗ್ಲಾಸ್ ಇದೆ. ಚಿಕ್ಕ ಗ್ಲಾಸಲ್ಲಿ ಒಂದು ಚಮಚದಷ್ಟು ಕಂಪಾರಿ, ಅಂದ್ರೆ ಇಟಲಿಯ ಕೆಂಪು ಕಹಿ ಮದ್ಯ, ಬಾಟ್ಲಿಯಿಂದ ಸೀದಾ ಹಾಕಿದ್ದು, ಬೆಳಗ್ಗೆಯಿಂದ ಈ ಟೇಬಲ್ ಮೇಲೇ ಇತ್ತು, ಅಂದ್ರೆ ಬಿಸಿಲಿನ ಕಾವೂ ಸ್ವಲ್ಪ ತಗಲಿದೆ. ಕುಡಿಯೋ ಅಭ್ಯಾಸ ಇರೋರು ಅದನ್ನ ನಾಲಿಗೆಗೆ ಸ್ವಲ್ಪ ಮುಟ್ಟಿಸಿ ನೋಡಿ. ಮೊದ್ಲು ಸಿಹಿ ಬಂತಾ? ಆಮೇಲೆ ಕಿತ್ತಳೆ ಸಿಪ್ಪೆ ಥರ ಏನೋ ಒಂದು, ಅದಾದ್ಮೇಲೆ ಎರಡು ಸೆಕೆಂಡ್ ತಡವಾಗಿ ನಾಲಿಗೆಯ ಹಿಂದುಗಡೆಯಿಂದ ಕಹಿ ಎದ್ದು ಬರುತ್ತೆ, ಬಂದಿದ್ದು ಹೋಗಲ್ಲ, ಗಂಟಲವರೆಗೂ ಅಂಟ್ಕೊಂಡು ಕೂತ್ಕೊಳ್ಳುತ್ತೆ. ಮುಂದಿನ ಸಾಲಲ್ಲಿ ಕೂತಿರೋ ಅಮ್ಮನವ್ರ ಮುಖದಲ್ಲೇ ಎಲ್ಲಾ ಕಾಣಿಸ್ತು. ಈಗ ದೊಡ್ಡ ಗ್ಲಾಸ್ ತಗೊಳ್ಳಿ. ಅದೇ ಕಂಪಾರಿ, ಆದ್ರೆ ನಿನ್ನೆ ರಾತ್ರಿಯಿಂದ ಫ್ರಿಜ್ಜಲ್ಲಿದ್ದಿದ್ದು, ಮೇಲೆ ತಣ್ಣನೆ ಸೋಡಾ, ಒಂದು ತುಂಡು ಕಿತ್ತಳೆ ಸಿಪ್ಪೆ. ಒಂದು ಗುಟುಕು ಕುಡೀರಿ. ಕಹಿ ಹೋಯ್ತಾ? ಇಲ್ಲ, ಅಲ್ಲೇ ಇದೆ. ಆದ್ರೆ ಈಗ ಇನ್ನೊಂದು ಗುಟುಕು ಬೇಕು ಅನ್ಸುತ್ತೆ. ನಾನಿವತ್ತು ಹೇಳೋದೆಲ್ಲಾ ಈ ಎರಡು ಗ್ಲಾಸ್ ಮಧ್ಯೆ ಏನಾಯ್ತು ಅನ್ನೋದರ ಬಗ್ಗೆನೇ.

ನಾನು ಆರು ವರ್ಷ ಇಟಲಿಯ ಮಿಲಾನಲ್ಲಿ ಬಾರ್ ಕೌಂಟರ್ ಹಿಂದೆ ಕೆಲ್ಸ ಮಾಡ್ದೋನು. ಅಲ್ಲಿ ಸಂಜೆ ಆರು ಗಂಟೆಗೆ ಆಫೀಸ್ ಬಿಟ್ಟು ಬರೋ ಜನ ಮನೆಗೆ ಹೋಗಿ ಊಟ ಮಾಡೋಕೆ ಮುಂಚೆ ಒಂದು ಗ್ಲಾಸ್ ಕುಡೀತಾರೆ, ಅದಕ್ಕೆ ಅಪೆರಿತೀವೋ ಅಂತಾರೆ. ಲ್ಯಾಟಿನಲ್ಲಿ ‘ಅಪೆರೀರೆ’ ಅಂದ್ರೆ ತೆರೆಯೋದು. ಹೊಟ್ಟೆಯ ಬಾಗಿಲು ತೆರೆಯೋದು ಅಂತ ಇಟ್ಕೊಳ್ಳಿ. ನಮ್ಮ ಆಯುರ್ವೇದದವ್ರು ‘ದೀಪನ’ ಅಂತಾರಲ್ಲ, ಹಸಿವಿನ ಬೆಂಕಿ ಹಚ್ಚೋದು, ಹತ್ರಹತ್ರ ಅದೇ ಯೋಚನೆ. ನಮ್ಮಲ್ಲಿ ಕುಡಿಯೋದು ಅಂದ್ರೆ ಊಟ ಹಿಂದಕ್ಕೆ ಹೋಗುತ್ತೆ, ಕೊನೆಗೆ ಹನ್ನೊಂದು ಗಂಟೆಗೆ ತಣ್ಣಗಾಗಿರೋ ಅನ್ನ ತಿಂದು ಮಲಗೋದು. ಅಲ್ಲಿ ಕುಡಿಯೋದೇ ಊಟ ಚೆನ್ನಾಗಿ ಸೇರ್ಲಿ ಅಂತ. ಈ ವ್ಯತ್ಯಾಸ ತಲೇಲಿ ಕೂತ್ರೆ ಸರ್ವ್ ಮಾಡೋ ಅಳತೆ, ಗ್ಲಾಸು, ಜೊತೆಗೆ ಕೊಡೋ ತಿಂಡಿ ಎಲ್ಲಾ ತಾನಾಗೇ ಸರಿಹೋಗುತ್ತೆ.

ಕಥೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಗಿರಾಕಿ ಕೇಳ್ತಾರೆ. ಗಾಸ್ಪಾರೆ ಕಂಪಾರಿ ಹುಟ್ಟಿದ್ದು 1828ರಲ್ಲಿ, ಲೊಂಬಾರ್ಡಿಯ ಒಂದು ಹಳ್ಳೀಲಿ, ರೈತರ ಮನೇಲಿ. ಹುಡುಗ ಇರುವಾಗಲೇ ತುರಿನ್‌ಗೆ ಹೋಗಿ ಲಿಕರ್ ಮಾಡೋ ಅಂಗಡೀಲಿ ಕೆಲ್ಸ ಕಲ್ತ. 1860ರಲ್ಲಿ ನೊವಾರಾ ಅನ್ನೋ ಊರಲ್ಲಿ ಈ ಕೆಂಪು ಬಿಟರ್, ಅಂದ್ರೆ ಮೂಲಿಕೆ ಹಾಕಿದ ಕಹಿ ಪಾನೀಯ, ಮಾಡ್ದ. ಆಗ ಅದರ ಹೆಸರು ಹಾಲೆಂಡ್ ಶೈಲಿಯ ಬಿಟರ್ ಅಂತ, ವಿದೇಶಿ ಹೆಸರಿದ್ರೆ ಬೆಲೆ ಜಾಸ್ತಿ ಅನ್ನೋದು ಆಗ್ಲೂ ಇತ್ತು ನೋಡಿ. ಆಮೇಲೆ ಮಿಲಾನಿಗೆ ಬಂದು, ದುವೋಮೋ ಚರ್ಚಿನ ಪಕ್ಕದಲ್ಲಿ ಹೊಸದಾಗಿ ಕಟ್ಟಿದ್ದ ಗಾಜಿನ ಛಾವಣಿಯ ಗ್ಯಾಲರಿ ಇದೆಯಲ್ಲ, 1867ರಲ್ಲಿ ಉದ್ಘಾಟನೆ ಆಗಿದ್ದು, ಎರಡನೇ ವಿಕ್ಟರ್ ಇಮ್ಯಾನುಯೆಲ್ ರಾಜನ ಹೆಸರಿನದ್ದು, ಅಲ್ಲಿ ಕಾಫಿ ಅಂಗಡಿ ತೆಗೆದ. ಅದೇ ವರ್ಷ ಅವನ ಮಗ ದಾವಿದೆ ಹುಟ್ಟಿದ, ಆ ಗ್ಯಾಲರಿ ಒಳಗೆ ಹುಟ್ಟಿದ ಮೊದಲ ಮಗು ಅದೇ ಅಂತ ಮಿಲಾನ್ ಜನ ಈಗ್ಲೂ ಹೇಳ್ತಾರೆ.

ನನಗೆ ಅಪ್ಪನಿಗಿಂತ ಮಗನ ಮೇಲೆ ಗೌರವ ಜಾಸ್ತಿ. ಅಪ್ಪ ರೆಸಿಪಿ ಕೊಟ್ಟ, ಅದನ್ನ ಹೇಗೆ ಕೊಡಬೇಕು ಅನ್ನೋದನ್ನ ಕಂಡ್ಕೊಂಡಿದ್ದು ಮಗ. 1904ರಲ್ಲಿ ಮಿಲಾನ್ ಹೊರಗಡೆ ಸೆಸ್ತೋ ಸಾನ್ ಜೊವಾನ್ನಿಯಲ್ಲಿ ಫ್ಯಾಕ್ಟರಿ ಶುರು ಮಾಡ್ದ. 1915ರಲ್ಲಿ ಗ್ಯಾಲರಿಯ ಮೂಲೇಲಿ, ದುವೋಮೋ ಕಡೆ ಮುಖ ಮಾಡಿರೋ ಕಂಪಾರಿನೋ ಅನ್ನೋ ಬಾರ್ ತೆಗೆದ, ಈಗ್ಲೂ ಇದೆ, ಹೋದ್ರೆ ನೋಡಿ. ಆ ಬಾರಲ್ಲಿ ಅವನು ಮಾಡಿದ ಬುದ್ಧಿವಂತಿಕೆ ಏನಂದ್ರೆ ನೆಲಮಾಳಿಗೆಯಿಂದ ಪೈಪ್ ಎಳೆದು ತಣ್ಣನೆ ಸೋಡಾ ನೀರು ನಿಲ್ಲದ ಹಾಗೆ ಕೌಂಟರಿಗೆ ಬರೋ ವ್ಯವಸ್ಥೆ ಮಾಡ್ದ. ಯೋಚ್ನೆ ಮಾಡಿ, 1915! ಒಬ್ಬ ಮಾಲೀಕ ದುಡ್ಡನ್ನ ಕುರ್ಚಿ ಮೇಲೆ ಹಾಕ್ದೆ ಸೋಡಾ ಪೈಪಿನ ಮೇಲೆ ಹಾಕ್ತಾನೆ ಅಂದ್ರೆ ಅವನಿಗೆ ತನ್ನ ಮಾಲು ಅರ್ಥ ಆಗಿತ್ತು. (ಕುರ್ಚಿ, ಗೋಡೆ, ಕಬ್ಬಿಣದ ಕೆಲ್ಸದ ಮೇಲೂ ಚೆನ್ನಾಗೇ ಹಾಕಿದಾನೆ, ಮೊಸಾಯಿಕ್ ನೋಡೋಕಂತಾನೇ ಜನ ಬರ್ತಾರೆ, ಆದ್ರೆ ನಾನು ಸೋಡಾ ಮನುಷ್ಯ.)

ಸೋಡಾ ಯಾಕೆ ಅಷ್ಟು ಮುಖ್ಯ ಅಂತೀರಾ. ಸೋಡಾದಲ್ಲಿರೋ ಗ್ಯಾಸ್ ನೀರು ತಣ್ಣಗಿದ್ದಷ್ಟೂ ಜಾಸ್ತಿ ಹಿಡ್ಕೊಳ್ಳುತ್ತೆ. ಸೊನ್ನೆ ಡಿಗ್ರಿ ಹತ್ರ ನೀರು ಎಷ್ಟು ಗ್ಯಾಸ್ ಹಿಡಿಯುತ್ತೋ, ಇಪ್ಪತ್ತು ಡಿಗ್ರೀಲಿ ಅದರ ಸುಮಾರು ಅರ್ಧ ಮಾತ್ರ ಹಿಡಿಯುತ್ತೆ. ನಮ್ಮೂರ ಏಪ್ರಿಲ್ ತಿಂಗಳ ಕಥೆ ನೀವೇ ಲೆಕ್ಕ ಹಾಕಿ. ಶೆಲ್ಫ್ ಮೇಲಿರೋ ಸೋಡಾ ಬಾಟ್ಲಿ ತೆಗೆದ ತಕ್ಷಣ ಬುಸ್ಸಂತ ಗ್ಯಾಸೆಲ್ಲಾ ಗಾಳಿಗೆ ಹೋಗುತ್ತೆ, ಗ್ಲಾಸಿಗೆ ಬರೋದು ಚಪ್ಪೆ ನೀರು. ಚಪ್ಪೆ ನೀರಲ್ಲಿ ಕಹಿ ಬೆರೆಸಿದ್ರೆ ಅದು ಕಷಾಯ. ಗ್ಯಾಸ್ ಚುರುಕಾಗಿದ್ರೆ ನಾಲಿಗೆ ಮೇಲೆ ಅದು ಚುಚ್ಚುತ್ತೆ, ಆ ಚುಚ್ಚು ಕಹೀನ ಒಂದೇ ಕಡೆ ಕೂರೋಕೆ ಬಿಡಲ್ಲ, ಮೇಲಿಂದ ಗುಳ್ಳೆ ಒಡೆದಾಗ ಕಿತ್ತಳೆಯ ಘಮನೂ ಮೂಗಿಗೆ ತಂದು ಕೊಡುತ್ತೆ. ಹಾಗಾಗಿ ಮೊದಲ್ನೇ ನಿಯಮ ಅಂತ ಏನಾದ್ರೂ ನನ್ನಿಂದ ತಗೊಂಡು ಹೋಗೋದಿದ್ರೆ, ಸೋಡಾ ಫ್ರಿಜ್ಜಲ್ಲಿರ್ಬೇಕು, ಚಿಕ್ಕ ಬಾಟ್ಲಿ ಇರ್ಬೇಕು, ಗಿರಾಕಿ ಕೇಳಿದ್ಮೇಲೇ ಓಪನ್ ಆಗ್ಬೇಕು. ಬೆಳಗ್ಗೆ ತೆಗೆದಿಟ್ಟ ದೊಡ್ಡ ಬಾಟ್ಲಿ ಸೋಡಾ ಸಂಜೆ ಯಾರಿಗೂ ಹಾಕ್ಬೇಡಿ. ಉಪ್ಪು ಮಸಾಲೆ ಹಾಕ್ದೆ ಇರೋ ಸಾದಾ ಗೋಲಿ ಸೋಡಾ ಸಿಕ್ರೆ ಕಣ್ಮುಚ್ಕೊಂಡು ತಗೊಳ್ಳಿ, ಗೋಲಿ ಕುತ್ತಿಗೆಗೆ ಒತ್ಕೊಂಡು ಕೂತಿರೋದೇ ಒಳಗಿನ ಗ್ಯಾಸಿನ ಜೋರಿಂದ, ಅದಕ್ಕಿಂತ ಚುರುಕು ಸೋಡಾ ಸಿಗೋದು ಕಷ್ಟ.

ಈಗ ಕೈಲಿ ಮಾಡಿ ತೋರಿಸ್ತೀನಿ. ಕಂಪಾರಿ ಸೋಡಾ, ಮಿಲಾನವ್ರ ಭಾಷೇಲಿ ಕಂಪಾರಿ ಸೆಲ್ತ್ಸ್. ಗ್ಲಾಸು ಚಿಕ್ಕದು, ಗೋಡೆ ದಪ್ಪ ಇರೋದು, ಫ್ರೀಜರಲ್ಲಿ ಹತ್ತು ನಿಮಿಷ ಇಟ್ಟಿದ್ದು. ನೋಡಿ ಹೊರಗೆ ಬಂದ ತಕ್ಷಣ ಹೇಗೆ ಮಂಜು ಹಿಡೀತು. ಫ್ರಿಜ್ಜಿಂದ ತೆಗೆದ ಕಂಪಾರಿ 45 ಎಂಎಲ್. ಈಗ ಸೋಡಾನ ಗ್ಲಾಸಿನ ಅಂಚಿಂದ ಜಾರಿಸ್ಬೇಡಿ, ಮಧ್ಯಕ್ಕೆ, ಸ್ವಲ್ಪ ಎತ್ತರದಿಂದ, ಜೋರಾಗಿ, 90 ಎಂಎಲ್ ತನಕ. ಬಣ್ಣ ನೋಡ್ತಿದೀರಾ? ಮೊದ್ಲು ಕೆಳಗೆ ಕಡು ಕೆಂಪು ಇತ್ತು, ಸೋಡಾ ಬಿದ್ದಲ್ಲಿ ಅದು ತಿರುಗಿ ಎದ್ದು ಬಂದು ಇಡೀ ಗ್ಲಾಸು ದಾಸವಾಳದ ಬಣ್ಣ ಆಯ್ತು, ಮೇಲೆ ತೆಳು ಗುಲಾಬಿ ನೊರೆ ಕಟ್ತು, ಆ ನೊರೆ ಇರೋವಾಗ್ಲೇ ಮೊದಲ ಗುಟುಕು ಕುಡೀಬೇಕು. ಚಮಚ ಹಾಕಿ ತಿರುಗಿಸೋ ಹಂಗಿಲ್ಲ, ತಿರುಗಿಸಿದಷ್ಟೂ ಗ್ಯಾಸ್ ಹೋಗುತ್ತೆ. ಮತ್ತೆ ಇದ್ರಲ್ಲಿ ಐಸ್ ಇಲ್ಲ ಗಮನಿಸಿದ್ರಾ? ಎಲ್ಲಾ ತಣ್ಣಗೇ ಇದ್ರೆ ಐಸ್ ಬೇಕಾಗಲ್ಲ. ನಮ್ಮ ಸೆಖೆಗೆ ಐಸ್ ಹಾಕ್ಲೇಬೇಕು ಅನ್ನೋರು ಹಾಕ್ಕೊಳ್ಳಿ, ನಾನೂ ಮಾರ್ಚ್ ಏಪ್ರಿಲಲ್ಲಿ ಹಾಕ್ತೀನಿ, ಆದ್ರೆ ದೊಡ್ಡ ತುಂಡು ಒಂದೋ ಎರಡೋ, ಪುಡಿ ಐಸ್ ಬೇಡ. ಪುಡಿ ಐಸು ಐದು ನಿಮಿಷಕ್ಕೆ ಕರಗಿ ಎಲ್ಲಾನೂ ನೀರು ಮಾಡುತ್ತೆ.

ದೊಡ್ಡ ಐಸ್ ಎಲ್ಲಿಂದ ತರೋದು ಸಾರ್ ಅಂತ ಒಬ್ಬ ಹುಡುಗ ಕೇಳ್ದ. ಒಂದು ಚಿಕ್ಕ ಥರ್ಮಾಕೋಲ್ ಬಾಕ್ಸ್ ಒಳಗೆ ಹಿಡಿಸೋ ಪ್ಲಾಸ್ಟಿಕ್ ಡಬ್ಬೀಲಿ ನೀರು ತುಂಬಿ, ಮುಚ್ಚಳ ಹಾಕ್ದೆ ಫ್ರೀಜರಲ್ಲಿಡಿ. ಸುತ್ತ ಥರ್ಮಾಕೋಲ್ ಇರೋದ್ರಿಂದ ನೀರು ಮೇಲಿಂದ ಕೆಳಕ್ಕೆ ಮಾತ್ರ ಹೆಪ್ಪುಗಟ್ಟುತ್ತೆ, ಒಳಗಿನ ಗಾಳಿ ಗುಳ್ಳೆ, ಬೆಳ್ಳಗಿರೋ ಕಸರು ಎಲ್ಲಾ ಕೆಳಗಡೆ ತಳ್ಳಿಸ್ಕೊಂಡು ಹೋಗುತ್ತೆ. ಪೂರ್ತಿ ಗಟ್ಟಿ ಆಗೋಕೆ ಮುಂಚೆನೇ ತೆಗೆದು ಕೆಳಗಿನ ನೀರು ಚೆಲ್ಲಿದ್ರೆ ಮೇಲೆ ಗಾಜಿನ ಥರ ತಿಳಿ ಐಸ್ ಸಿಗುತ್ತೆ, ಅದನ್ನ ಹಲ್ಲಿನ ಚಾಕೂಲಿ ಗೀರಿ ತಟ್ಟಿದ್ರೆ ಬೇಕಾದ ಹಾಗೆ ಒಡೆಯುತ್ತೆ. ಖರ್ಚು ಏನೂ ಇಲ್ಲ, ತಾಳ್ಮೆ ಬೇಕು.

ಸಿಪ್ಪೆಯ ವಿಷಯ. ಸ್ಕೂಲಲ್ಲಿ ಕಿತ್ತಳೆ ತಿಂದು ಸಿಪ್ಪೆ ಮಡಚಿ ಪಕ್ಕದೋನ ಕಣ್ಣಿಗೆ ಚಿಮ್ಮಿಸ್ತಿದ್ವಲ್ಲ, ಅದೇ ಕೆಲ್ಸ ಇಲ್ಲಿ. ಆ ಚಿಮ್ಮೋದು ರಸ ಅಲ್ಲ, ಎಣ್ಣೆ. ಒಂದು ಹೆಬ್ಬೆರಳಷ್ಟು ಅಗಲದ ಸಿಪ್ಪೆ, ಒಳಗಿನ ಬಿಳಿ ಭಾಗ ಆದಷ್ಟೂ ಕಮ್ಮಿ ಇರೋ ಹಾಗೆ ಕತ್ತರಿಸಿ, ಹೊರಮೈ ಗ್ಲಾಸಿನ ಕಡೆ ಮಾಡಿ ಒಂದ್ಸಲ ಮಡಚಿ. ಲೈಟಿಗೆ ಅಡ್ಡ ಹಿಡಿದ್ರೆ ಸಣ್ಣ ಸಣ್ಣ ಹನಿ ಹಾರೋದು ಕಾಣುತ್ತೆ, ನೊರೆ ಮೇಲೆ ಬಿದ್ದಾಗ ನೊರೆ ಅಲ್ಲಲ್ಲಿ ಒಡೆಯುತ್ತೆ. ಗ್ಲಾಸಿನ ಅಂಚಿಗೂ ಸವರಿ. ಕೊಡಗಿನ ಕಿತ್ತಳೆ ಸಿಪ್ಪೆ ಸಡಿಲ, ತೆಳ್ಳಗೆ ಸುಲಿಯೋಕೆ ಕಷ್ಟ, ಆದ್ರೆ ಘಮ ಬೇರೆ ಯಾವುದಕ್ಕೂ ಇಲ್ಲ, ಸೀಸನ್ನಲ್ಲಿ ಸಿಕ್ಕಾಗ ಅದನ್ನೇ ತಗೊಳ್ಳಿ. ಮೇಣ ಹಚ್ಚಿ ಬರೋ ಇಂಪೋರ್ಟೆಡ್ ಹಣ್ಣಾದ್ರೆ ಬಿಸಿನೀರಲ್ಲಿ ಉಜ್ಜಿ ತೊಳೀರಿ.

ಇನ್ನು ಕಹಿ. ಅದರಲ್ಲಿ ಏನೇನು ಹಾಕ್ತಾರೆ ಸಾರ್ ಅಂತ ಎಲ್ರೂ ಕೇಳ್ತಾರೆ. ರೆಸಿಪಿ ಗುಟ್ಟು, ಕಂಪನಿ ಹೇಳಲ್ಲ, ಗಿಡಮೂಲಿಕೆ ಹಣ್ಣು ಇವನ್ನ ಆಲ್ಕೋಹಾಲ್ ಮತ್ತೆ ನೀರಲ್ಲಿ ನೆನೆಸಿ ಮಾಡೋದು ಅನ್ನೋದಷ್ಟೇ ಹೇಳ್ತಾರೆ. ಇಂಟರ್ನೆಟ್ಟಲ್ಲಿ ಇಷ್ಟು ಮೂಲಿಕೆ ಅಷ್ಟು ಮೂಲಿಕೆ ಅಂತ ಓದಿ ಗಿರಾಕಿಗೆ ಹೇಳ್ಬೇಡಿ. ಬಣ್ಣದ್ದು ಮಾತ್ರ ಗೊತ್ತಿರೋ ಕಥೆ. ಆ ಕೆಂಪು ಬಣ್ಣ ಎಷ್ಟೋ ಕಾಲ ಬರ್ತಿದ್ದಿದ್ದು ಕಾಚಿನೀಲ್ ಅನ್ನೋ ಹುಳದಿಂದ, ಅಮೆರಿಕ ಖಂಡದ ಪಾಪಾಸುಕಳ್ಳಿ ಮೇಲೆ ಬೆಳೆಯೋ ಹುಳ, ಹೆಣ್ಣು ಹುಳಗಳನ್ನ ಒಣಗಿಸಿ ಪುಡಿ ಮಾಡಿ ಬಣ್ಣ ತೆಗೀತಿದ್ರು. 2006ರಲ್ಲಿ ಕಂಪನಿ ಅದನ್ನ ಬಿಟ್ಟು ಹೆಚ್ಚಿನ ಕಡೆ ಕೃತಕ ಬಣ್ಣಕ್ಕೆ ಹೋಯ್ತು. ಸಸ್ಯಾಹಾರಿ ಗಿರಾಕಿಗಳು ಕೇಳಿದ್ರೆ ಬಾಟ್ಲಿ ಲೇಬಲ್ ಓದಿ ಉತ್ರ ಕೊಡಿ, ಊಹೆ ಮಾಡಿ ಹೇಳ್ಬೇಡಿ, ಅದು ಅವರ ನಂಬಿಕೆಯ ವಿಷಯ. ಈ ಹುಳಕ್ಕೂ ನಮಗೂ ಒಂದು ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯವ್ರು ಈ ಬಣ್ಣದ ಆಸೆಗೆ 1795ರಲ್ಲಿ ಹುಳ ತಂದ್ರು, ಬಂದಿದ್ದು ಬೇರೆ ಜಾತಿಯ ಹುಳ, ಒಳ್ಳೆ ಬಣ್ಣ ಬರ್ಲಿಲ್ಲ, ಆದ್ರೆ ಅದು ಪಾಪಾಸುಕಳ್ಳೀನ ತಿಂದು ಹಾಕ್ತು, ಆಮೇಲೆ ಕಳ್ಳಿ ಕಾಟ ಇದ್ದ ದಕ್ಷಿಣದ ಕಡೆಗೂ ಬೇಕಂತಲೇ ತಂದು ಬಿಟ್ರು. ಹಳೇ ಬೇಲಿಗಳಲ್ಲಿ ಕಳ್ಳಿ ಮೇಲೆ ಬೆಳ್ಳಗೆ ಹತ್ತಿ ಥರ ಅಂಟಿರುತ್ತಲ್ಲ, ಉಗುರಲ್ಲಿ ಒತ್ತಿದ್ರೆ ಕೆಂಪು ಬರುತ್ತೆ, ಅದೇ ವಂಶದ್ದು.

ನಾಲಿಗೆ ಲೆಕ್ಕದಲ್ಲೂ ಕಹಿ ಬೇರೇನೇ. ಸಿಹಿ ಗುರುತಿಸೋಕೆ ನಮಗೆ ಮುಖ್ಯವಾಗಿ ಒಂದೇ ಜೋಡಿ ರಿಸೆಪ್ಟರ್, ಕಹಿಗೆ ಸುಮಾರು 25 ಬಗೆ. ಕಾಡಲ್ಲಿ ವಿಷದ ಗಿಡಗಳು ಬಹಳಷ್ಟು ಕಹಿ, ಹಾಗಾಗಿ ದೇಹ ಅಷ್ಟೊಂದು ಕಾವಲುಗಾರರನ್ನ ಇಟ್ಕೊಂಡಿದೆ. ಕಹಿ ಇಷ್ಟಪಡೋದು ಹುಟ್ಟಿಂದ ಬರಲ್ಲ, ಕಲೀಬೇಕು. ಯುಗಾದಿ ದಿನ ಮಗು ಬಾಯಿಗೆ ಬೇವಿನ ಹೂವು ಇಟ್ಟಾಗ ಉಗುಳುತ್ತೆ, ಅದೇ ಮಗು ನಲವತ್ತಕ್ಕೆ ಹಾಗಲಕಾಯಿ ಗೊಜ್ಜು ಕೇಳಿ ಹಾಕಿಸ್ಕೊಳ್ಳುತ್ತೆ. ನಮ್ಮಮ್ಮ ಹಾಗಲಕಾಯಿ ಹೆಚ್ಚಿ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡ್ತಿದ್ರು. ಉಪ್ಪು ಕಹಿಯ ಅನುಭವನ ಕಮ್ಮಿ ಮಾಡುತ್ತೆ ಅನ್ನೋದು ಈಗ ವಿಜ್ಞಾನದವ್ರೂ ತೋರಿಸಿರೋ ವಿಷಯ. ಇಟಲಿಯವ್ರು ಕಂಪಾರಿ ಜೊತೆ ಉಪ್ಪಲ್ಲಿ ನೆನೆಸಿದ ಆಲಿವ್ ಕಾಯಿ, ಚಿಪ್ಸ್, ಕಡ್ಲೆಕಾಯಿ ಬೀಜ ಕೊಡೋದು ಸುಮ್ನೆ ಅಲ್ಲ. ನೀವು ಇಲ್ಲಿ ಕಾಂಗ್ರೆಸ್ ಕಡ್ಲೆಕಾಯಿ ಕೊಡಿ, ಕೋಡುಬಳೆ ಕೊಡಿ, ನಿಪ್ಪಟ್ಟು ಕೊಡಿ. ಖಾರ ಮಾತ್ರ ಕಮ್ಮಿ ಇರೋದು ನೋಡಿ, ಖಾರಕ್ಕೂ ಕಹಿಗೂ ಬಾಯಲ್ಲಿ ಜಗಳ. ಚಿಲ್ಲಿ ಚಿಕನ್ ಬೇಡ, ಗೋಬಿ ಮಂಚೂರಿ ಬೇಡ. ಹೊಟ್ಟೆ ತುಂಬೋದು ಏನೂ ಬೇಡ, ಒಂದು ಹಿಡಿ ಸಾಕು, ಊಟ ಇನ್ನೂ ಮುಂದಿದೆ.

ಮತ್ತೆ ದಯವಿಟ್ಟು ಕಂಪಾರಿಗೆ ಸ್ಪ್ರೈಟ್ ಹಾಕ್ಬೇಡಿ. ಕಹಿ ಅಂದ ತಕ್ಷಣ ಸಿಹಿ ಸುರಿಯೋದು ನಮ್ಮ ಬಾರ್‌ಗಳಲ್ಲಿ ನಾನು ತುಂಬಾ ನೋಡಿದೀನಿ, ಗಿರಾಕಿ ಮೇಲಿನ ಪ್ರೀತಿಯಿಂದಾನೇ ಮಾಡ್ತಾರೆ ಅದನ್ನ. ಆದ್ರೆ ಈ ಬಾಟ್ಲಿ ಒಳಗೇ ಸಕ್ಕರೆ ಬೇಕಾದಷ್ಟಿದೆ, ಮೇಜಿನ ಮೇಲೆ ಚೆಲ್ಲಿದ್ದು ಒಣಗಿದ ಮೇಲೆ ಕೈಯಿಟ್ಟು ನೋಡಿ, ಬೆಲ್ಲದ ಪಾಕದ ಹಾಗೆ ಅಂಟುತ್ತೆ. ಅದಕ್ಕೆ ಇನ್ನೊಂದಷ್ಟು ಸಕ್ಕರೆ ಸೇರಿದ್ರೆ ಕಹಿ ಮುಚ್ಚಲ್ಲ, ಕಹಿ ಸಿಹಿ ಎರಡೂ ಭಾರ ಆಗಿ ಕೂತ್ಕೊಳ್ಳುತ್ತೆ, ಕೆಮ್ಮಿನ ಸಿರಪ್ ಅನ್ನೋ ಮಾತು ಅಲ್ಲಿಂದಾನೇ ಬರೋದು. ಕಹಿ ಜಾಸ್ತಿ ಅನ್ಸೋರಿಗೆ ಹಣ್ಣಿನ ಹುಳಿ ಕೊಡಿ. 30 ಎಂಎಲ್ ಕಂಪಾರಿ, 90 ಎಂಎಲ್ ಆಗಷ್ಟೇ ಹಿಂಡಿದ ಕಿತ್ತಳೆ ರಸ, ಹಿಂಡಿದ್ಮೇಲೆ ಮಿಕ್ಸೀಲಿ ಐದಾರು ಸೆಕೆಂಡ್ ತಿರುಗಿಸಿದ್ರೆ ನೊರೆನೊರೆ ಆಗುತ್ತೆ, ಹಾಗೇ ಮೇಲೆ ಸುರೀರಿ. ಇದರ ಹೆಸರು ಗಾರಿಬಾಲ್ದಿ. 1860ರ ಮೇ ತಿಂಗಳಲ್ಲಿ ಕೆಂಪು ಅಂಗಿಯ ಸಾವಿರ ಜನ ಸ್ವಯಂಸೇವಕರನ್ನ ಕಟ್ಕೊಂಡು ಹಡಗಲ್ಲಿ ಸಿಸಿಲಿಗೆ ಹೋಗಿಳಿದು, ತುಂಡುತುಂಡಾಗಿದ್ದ ಇಟಲಿ ಒಂದಾಗೋಕೆ ದಾರಿ ಮಾಡ್ದೋನು ಅವನು. ಉತ್ತರದ ಕೆಂಪು ಕಂಪಾರಿ, ದಕ್ಷಿಣದ ಸಿಸಿಲಿಯ ಕಿತ್ತಳೆ, ಒಂದೇ ಗ್ಲಾಸಲ್ಲಿ. ಕಂಪಾರಿ ಹುಟ್ಟಿದ್ದೂ ಅದೇ 1860ರಲ್ಲಿ ಅನ್ನೋದು ನೆನಪಾದಾಗೆಲ್ಲಾ ನನಗೆ ಖುಷಿ ಆಗುತ್ತೆ.

ಇಲ್ಲಿಂದ ಮುಂದೆ ವೆರ್ಮೂತ್ ಬರುತ್ತೆ. ವೆರ್ಮೂತ್ ಅಂದ್ರೆ ಮೂಲಿಕೆ ಹಾಕಿ, ಸ್ವಲ್ಪ ಸ್ಪಿರಿಟ್ ಸೇರಿಸಿದ ವೈನ್, ತುರಿನ್ ಊರಿಂದು, ಕಾರ್ಪಾನೋ ಅನ್ನೋರು 1786ರಲ್ಲಿ ಮಾಡಿದ್ದರಿಂದ ಹೆಸರಾಯ್ತು. ಆ ಹೆಸರು ಬಂದಿದ್ದು ವರ್ಮ್‌ವುಡ್ ಅನ್ನೋ ಕಹಿ ಗಿಡದಿಂದ. ನಮ್ಮ ಹೂವಿನ ಅಂಗಡೀಲಿ ಕನಕಾಂಬರ ಮಲ್ಲಿಗೆ ಮಧ್ಯೆ ಸಿಕ್ಕಿಸ್ತಾರಲ್ಲ ದವನ, ಅದು ಇದೇ ಗಿಡದ ದಾಯಾದಿ, ಎರಡೂ ಆರ್ಟಿಮೀಸಿಯಾ ಕುಲದ್ದು. ನಾಳೆ ಒಂದೆಳೆ ದವನ ಬೆರಳಲ್ಲಿ ಉಜ್ಜಿ ಮೂಸಿ ನೋಡಿ, ಆಮೇಲೆ ಒಳ್ಳೆ ವೆರ್ಮೂತ್ ಮೂಸಿ, ಎಲ್ಲೋ ಒಂದು ಕಡೆ ಮನೆಯೋರು ಸಿಕ್ಕ ಹಾಗಾಗುತ್ತೆ.

ಮಿಲಾನಿನ ಕಂಪಾರಿ, ತುರಿನ್ ವೆರ್ಮೂತ್ ಸಮಸಮ ಸೇರಿದ್ರೆ ಅದು ಮಿಲಾನೋ-ತೊರೀನೋ. ಅದಕ್ಕೆ ಸೋಡಾ ಹಾಕಿದ್ರೆ ಅಮೆರಿಕಾನೋ, 30 ಕಂಪಾರಿ, 30 ಕೆಂಪು ವೆರ್ಮೂತ್, ಮೇಲೆ ಸೋಡಾ. ಆ ಸೋಡಾ ತೆಗೆದು ಜಿನ್ ಹಾಕಿದ್ರೆ ನೆಗ್ರೋನಿ. 1919ರ ಸುಮಾರಿಗೆ ಫ್ಲಾರೆನ್ಸಿನ ಕಾಸೋನಿ ಕೆಫೇಲಿ ಕಾಮಿಲ್ಲೋ ನೆಗ್ರೋನಿ ಅನ್ನೋ ಕೌಂಟ್ ಬಿರುದಿನ ಶ್ರೀಮಂತ ‘ನನ್ನ ಅಮೆರಿಕಾನೋ ಸ್ವಲ್ಪ ಸ್ಟ್ರಾಂಗ್ ಮಾಡಪ್ಪಾ’ ಅಂದ, ಬಾರ್‌ಮನ್ ಫೋಸ್ಕೋ ಸ್ಕಾರ್ಸೆಲ್ಲಿ ಜಿನ್ ಹಾಕ್ದ ಅನ್ನೋದು ಕಥೆ. 30, 30, 30. ದೊಡ್ಡ ಐಸ್ ಮೇಲೆ ಹಾಕಿ ಇಪ್ಪತ್ತು ಮೂವತ್ತು ಸೆಕೆಂಡ್ ಚಮಚದಲ್ಲಿ ತಿರುಗಿಸಿ, ಇಲ್ಲಿ ಗ್ಯಾಸ್ ಇಲ್ಲ, ತಿರುಗಿಸೋದೇ ಕೆಲ್ಸ, ತಿರುಗಿಸ್ದಾಗ ಕರಗೋ ನೀರೂ ರೆಸಿಪಿಯ ಭಾಗಾನೇ. ಮಿಲಾನಿನ ಬಾಸ್ಸೋ ಬಾರಲ್ಲಿ ಮಿರ್ಕೋ ಸ್ತೊಕ್ಕೆತ್ತೋ 1970ರ ದಶಕದ ಶುರುವಲ್ಲಿ ಜಿನ್ ಬದಲು ಸ್ಪಾರ್ಕ್ಲಿಂಗ್ ವೈನ್ ಹಾಕಿ ಮಾಡಿದ್ದು ಸ್ಬಾಲ್ಯಾತೋ, ಹಾಗಂದ್ರೆ ‘ತಪ್ಪಾಗಿದ್ದು’ ಅಂತ. ನೆಗ್ರೋನಿ ಹೊಡೆತ ಜಾಸ್ತಿ ಅನ್ನೋರಿಗೆ ಇದು ಒಳ್ಳೇದು.

ಹೊಡೆತದ ಲೆಕ್ಕ ನೀವು ಬಾಯಿಪಾಠ ಮಾಡ್ಕೊಂಡಿರ್ಬೇಕು. ಇಟಲಿಯಲ್ಲಿ ಸಿಗೋ ಕಂಪಾರಿ 25 ಪರ್ಸೆಂಟ್, ದೇಶ ಬದಲಾದ್ರೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ. 30 ಎಂಎಲಲ್ಲಿ ಶುದ್ಧ ಆಲ್ಕೋಹಾಲ್ ಏಳೂವರೆ ಎಂಎಲ್. ನಮ್ಮ 42.8 ಪರ್ಸೆಂಟ್ ವಿಸ್ಕಿ ಒಂದು ಸ್ಮಾಲಲ್ಲಿ, ಅಂದ್ರೆ ಅದೇ 30 ಎಂಎಲಲ್ಲಿ, ಹತ್ರಹತ್ರ 13. ಅಂದ್ರೆ ಅಮೆರಿಕಾನೋ ಒಂದು ಗ್ಲಾಸ್, ವೆರ್ಮೂತ್ ಸೇರಿಸಿದ್ರೂ, ಒಂದು ಸ್ಮಾಲ್ ವಿಸ್ಕಿಗಿಂತ ಜಾಸ್ತಿ ಇಲ್ಲ. ನೆಗ್ರೋನಿ ಸುಮಾರು 24, ಅಂದ್ರೆ 60 ಎಂಎಲಿನ ಒಂದು ಲಾರ್ಜಿನ ಹತ್ರ. ನೋಡೋಕೆ ಶರಬತ್ತಿನ ಬಣ್ಣ, ಗ್ಲಾಸು ಚಿಕ್ಕದು, ಗಿರಾಕಿ ಮೂರು ಕೇಳಿದ್ರೆ ಅದು ಮೂರು ಲಾರ್ಜ್ ಅಂತ ನಿಮಗಾದ್ರೂ ಗೊತ್ತಿರ್ಬೇಕು, ಗಾಡಿ ಓಡಿಸ್ಕೊಂಡು ಹೋಗೋರಿಗೆ ಹೇಳೋ ಧೈರ್ಯನೂ ಇರ್ಬೇಕು.

ವೆರ್ಮೂತ್ ಬಗ್ಗೆ ನನಗೆ ಇನ್ನೂ ಬೇಜಾರಿರೋ ಒಂದು ಘಟನೆ ಇದೆ. ವಾಪಸ್ ಬಂದ ಹೊಸದ್ರಲ್ಲಿ ಅಕ್ಕ ಭಾವನ್ನ ಇಲ್ಲೇ ಒಂದು ಕಡೆ ಕರ್ಕೊಂಡು ಹೋಗಿದ್ದೆ, ಇಷ್ಟು ವರ್ಷ ಇವನು ಏನು ಕೆಲ್ಸ ಮಾಡ್ದ ಅಂತ ಅವರಿಗೊಂದು ಗ್ಲಾಸ್ ಮುಂದಿಟ್ಟು ತೋರಿಸ್ಬೇಕು ಅಂತ ಆಸೆ. ನೆಗ್ರೋನಿ ಹೇಳಿದ್ವಿ. ಬಂದಿದ್ದು ಹುಳಿ ಹುಳಿ, ನೆನೆದು ಕೆಟ್ಟ ದ್ರಾಕ್ಷಿ ವಾಸನೆ. ಭಾವ ಪಾಪ ಏನೂ ಅನ್ನಲಿಲ್ಲ, ನೀರು ಕುಡಿದು ಪಕ್ಕಕ್ಕಿಟ್ರು. ನೋಡಿದ್ರೆ ವೆರ್ಮೂತ್ ಬಾಟ್ಲಿ ಶೆಲ್ಫ್ ಮೇಲೆ, ಲೈಟಿನ ಕೆಳಗೆ, ಮುಕ್ಕಾಲು ಖಾಲಿ, ಯಾವಾಗ ತೆಗೆದಿದ್ದು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ವೆರ್ಮೂತ್ 16, 18 ಪರ್ಸೆಂಟ್ ಇರೋ ವೈನ್ ಕಣ್ರೀ, ತೆಗೆದ್ಮೇಲೆ ಗಾಳಿ ತಾಗಿ ಕೆಡುತ್ತೆ. ಫ್ರಿಜ್ಜಲ್ಲಿಡಿ, ಒಂದೆರಡು ತಿಂಗಳಲ್ಲಿ ಮುಗಿಸಿ, ಓಪನ್ ಮಾಡಿದ ತಾರೀಖು ಟೇಪ್ ಮೇಲೆ ಬರೆದು ಅಂಟಿಸಿ. ಕಂಪಾರಿಗೆ ಆ ಕಾಟ ಇಲ್ಲ, ಸಕ್ಕರೆ ಆಲ್ಕೋಹಾಲ್ ಎರಡೂ ಕಾಯುತ್ತೆ, ಹೊರಗಿಟ್ರೂ ಕೆಡಲ್ಲ, ಫ್ರಿಜ್ಜಲ್ಲಿಡೋದು ತಣ್ಣಗಿರ್ಲಿ ಅಂತ ಮಾತ್ರ.

ಆಪೆರೋಲ್ ಬಗ್ಗೆ ಹೇಳ್ಲಿಲ್ಲ ಅಂತ ಹಿಂದುಗಡೆಯಿಂದ ಕೇಳಿದ್ರು. ಅದು ಕಿತ್ತಳೆ ಬಣ್ಣದ ಬಿಟರ್, ಪಾದುವಾ ಊರಲ್ಲಿ ಬಾರ್ಬಿಯೇರಿ ಅಣ್ಣತಮ್ಮಂದಿರು 1919ರಲ್ಲಿ ತಂದಿದ್ದು, 11 ಪರ್ಸೆಂಟ್, ಕಹಿ ಕಮ್ಮಿ ಸಿಹಿ ಜಾಸ್ತಿ, 2003ರಿಂದ ಕಂಪಾರಿ ಕಂಪನಿಯ ಕೈಲಿದೆ. ಅದರಲ್ಲಿ ಮಾಡೋ ಸ್ಪ್ರಿಟ್ಸ್ ಅನ್ನೋ ಡ್ರಿಂಕಿಗೆ ಮೂರು ಪಾಲು ಪ್ರೊಸೆಕೋ ಅನ್ನೋ ಇಟಲಿಯ ಸ್ಪಾರ್ಕ್ಲಿಂಗ್ ವೈನ್, ಎರಡು ಪಾಲು ಆಪೆರೋಲ್, ಒಂದು ಪಾಲು ಸೋಡಾ. ಗ್ಲಾಸ್ ತುಂಬಾ ಐಸ್ ಹಾಕಿ, ಮೊದ್ಲು ವೈನ್ ಸುರಿದು ಆಮೇಲೆ ಆಪೆರೋಲ್ ಹಾಕಿ, ಇಲ್ಲಾಂದ್ರೆ ಆಪೆರೋಲ್ ಭಾರಕ್ಕೆ ಕೆಳಗೇ ಕೂತ್ಕೊಳ್ಳುತ್ತೆ. ಪ್ರೊಸೆಕೋ ದುಬಾರಿ ಆದ್ರೆ ನಾಸಿಕ್ ಕಡೆಯ ಬ್ರೂಟ್ ಸ್ಪಾರ್ಕ್ಲಿಂಗ್ ವೈನ್ ಸಾಕು. ವೆನಿಸ್ ಕಡೆ ಇದಕ್ಕೆ ಒಂದು ಹಸಿರು ಆಲಿವ್ ಹಾಕ್ತಾರೆ, ನನಗೆ ಅದು ಕಿತ್ತಳೆ ಹೋಳಿಗಿಂತ ಇಷ್ಟ, ಕೊನೇಲಿ ಉಪ್ಪು ಕಹಿ ಹೀರ್ಕೊಂಡಿರೋ ಆಲಿವ್ ಬಾಯಿಗೆ ಸಿಗುತ್ತೆ.

ಒಬ್ಬರು ಹಿರಿಯರು ಕೊನೇಲಿ ಎದ್ದು, ನಾನು ಕುಡಿಯಲ್ಲಪ್ಪಾ, ಮಗನ ಜೊತೆ ಬಂದೆ, ನನಗೆ ಏನು ಕೊಡ್ತೀಯ ಅಂದ್ರು. ಈ ಪ್ರಶ್ನೆ ಬಂದಿದ್ದು ನನಗೆ ನಿಜವಾಗ್ಲೂ ಸಂತೋಷ ಆಯ್ತು. ಇಟಲೀಲಿ ಕುಡೀದೇ ಇರೋರೂ ಅಪೆರಿತೀವೋಗೆ ಬರ್ತಾರೆ, ಅವರಿಗಂತಲೇ ಆಲ್ಕೋಹಾಲ್ ಇಲ್ಲದ ಬಿಟರ್‌ಗಳು 1960ರ ದಶಕದಿಂದ ಇದೆ, ಕ್ರೊದಿನೋ ಅಂತ ಹೊಂಬಣ್ಣದ್ದು, ಸಾನ್‌ಬಿತ್ತೆರ್ ಅಂತ ಕೆಂಪಿಂದು, ಬೆರಳುದ್ದದ ಚಿಕ್ಕ ಬಾಟ್ಲೀಲಿ ಬರುತ್ತೆ. ಚಿಕ್ಕ ಬಾಟ್ಲಿಯ ದಾರಿ ತೋರಿಸಿದ್ದೂ ಕಂಪಾರಿನೇ ಅನ್ನಿ, 1932ರಲ್ಲಿ ಫೊರ್ತುನಾತೋ ದೆಪೆರೋ ಅನ್ನೋ ಕಲಾವಿದ ತಲೆಕೆಳಗಾದ ಗ್ಲಾಸಿನ ಆಕಾರದಲ್ಲಿ ವಿನ್ಯಾಸ ಮಾಡಿದ ಕಂಪಾರಿ ಸೋಡಾ ಬಾಟ್ಲಿ, ಲೇಬಲ್ಲೇ ಇಲ್ಲ, ಹೆಸರು ಗಾಜಲ್ಲೇ ಉಬ್ಬಿರೋದು, ಇವತ್ತಿಗೂ ಅದೇ ಆಕಾರ. ಆ ಹಿರಿಯರಿಗೆ ಅವತ್ತು ನನ್ನ ಹತ್ರ ಇಟಲಿಯದ್ದು ಏನೂ ಇರ್ಲಿಲ್ಲ. ನಾನು ಮನೆಯಿಂದ ಒಂದು ಹೇರಳೆಕಾಯಿ ತಂದಿದ್ದೆ, ಸಿಪ್ಪೆಯ ಕಹಿ ತೋರಿಸೋಣ ಅಂತ. ಅದರ ಸಿಪ್ಪೆ ಎರಡು ತುಂಡು ಚಿಟಿಕೆ ಉಪ್ಪು, ಅರ್ಧ ಚಮಚ ಸಕ್ಕರೆ ಜೊತೆ ಗ್ಲಾಸಲ್ಲಿ ಜಜ್ಜಿ, ರಸ ಸ್ವಲ್ಪ ಹಿಂಡಿ, ಉಳಿದಿದ್ದ ಕೊನೇ ತಣ್ಣನೆ ಸೋಡಾ ಬಾಟ್ಲಿ ತೆಗೆದು ಮಧ್ಯಕ್ಕೆ ಜೋರಾಗಿ ಸುರಿದೆ, ಮೇಲೆ ಕಿತ್ತಳೆ ಸಿಪ್ಪೆ ಚಿಮ್ಮಿಸಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ನಿದ್ದು, ಇನ್ನೊಂದು ಗುಟುಕು ಕುಡಿದು, ಆಮೇಲೆ ಮಗನ ಕಡೆ ತಿರುಗಿ, ಊಟಕ್ಕೆ ಎಲ್ಲಿಗೆ ಹೋಗೋದು ಅಂತ ಕೇಳಿದ್ರು.